ಟ್ರಿಪ್ ಆದ್ರ ಬೈಬ್ಯಾಡ್ರಿ

ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತೆಂದರೆ ರಟ್ಟೀಹಳ್ಳಿ ಸುತ್ತಿನ ಹೊಲಗಳಲ್ಲಿ ರಾತ್ರಿಯೆಲ್ಲ ಬ್ಯಾಟರಿ ಬೆಳಕು ಓಡಾಡುತ್ತದೆ. ಕುಮದ್ವತಿ ದಂಡೆಯವರು, ಬೋರ್ ನಂಬಿದವರು, ಎಲ್ಲರೂ ಕರೆಂಟಿನ ಹಾದಿ ಕಾಯುವವರೇ. ಅಂಥ ದಿನಗಳ ಒಂದು ಮಾತುಕತೆ ಇದು. ಒಬ್ಬರು ಬೋರಿನ ನೀರಿನ ಮೇಲೆ ಬೇಸಾಯ ಮಾಡುವವರು. ಇನ್ನೊಬ್ಬರು ಕೆಇಬಿ ಕಾಲದಲ್ಲಿ ಕಂಬ ಹತ್ತಿ, ಕೊನೆಗೆ ವಿದ್ಯುತ್ ಸ್ಟೇಶನ್ನಿನ ಪ್ಯಾನೆಲ್ ಮುಂದೆ ಕೂತು ನಿವೃತ್ತರಾದವರು. ಊರ ನಂಟಿನಲ್ಲಿ ನಿವೃತ್ತರಾದವರು ಕಾಕಾ, ಬೇಸಾಯದವರು ತಮ್ಮ.

– ಕಾಕಾ, ನಿನ್ನಿ ರಾತ್ರಿ ಮತ್ತ ಅದ ಕತಿ. ಕರೆಂಟ್ ಬರ್ತೇತಿ, ಮೋಟ್ರು ಗುಂಯ್ ಅಂತೇತಿ, ನೀರು ಸಾಲಿನ ತುದಿ ಮುಟ್ಟೂದ್ರಾಗ ಟಪ್ ಅಂತ ಹೋಗ್ತೇತಿ. ಸ್ಟೇಶನ್ನಿಗೆ ಫೋನ್ ಹಚ್ಚಿದ್ರ ಒಂದ ಮಾತು: "ಟ್ರಿಪ್ ಆಗೇತ್ರಿ." ಸಾಕಾಗಿ ಹೋಗೇತಿ ನೋಡ್ರಿ.

– ಟ್ರಿಪ್ ಆಗಿದ್ದಕ್ಕ ನಿಮ್ಮ ಟಿಸಿ, ಹೊಲದ ಟ್ರಾನ್ಸ್‌ಫಾರ್ಮರ್, ಉಳದೇತಿ, ತಮ್ಮಾ. ಆಗದ ಇದ್ದಿದ್ರ ನೀ ಇವತ್ತ ಸುಟ್ಟ ಟಿಸಿ ಹೇರಾಕ ಟ್ರ್ಯಾಕ್ಟರ್ ಹುಡುಕ್ತಿದ್ದಿ.

– ಅಂದ್ರ ಹೋದ್ದಕ್ಕ ಖುಷಿ ಪಡಬೇಕಂತೀರಿ?

– ಖುಷಿ ಪಡಬ್ಯಾಡ. ಯಾಕ ಹೋತು ಅಂತ ಕೇಳು. ಫೋನ್ ಹಚ್ಚಿದವರೆಲ್ಲಾ "ಯಾವಾಗ ಬರ್ತೇತಿ" ಅಂತ ಕೇಳ್ತಾರ. "ಯಾವ ಫ್ಲ್ಯಾಗ್ ಬಿದ್ದೇತಿ" ಅಂತ ಕೇಳಿದಾವನ್ನ ನನ್ನ ಸರ್ವಿಸಿನ್ಯಾಗ ನಾ ಕಂಡಿಲ್ಲ.

– ಫ್ಲ್ಯಾಗ್ ಅಂದ್ರ ಏನ್ರಿ?

– ಸ್ಟೇಶನ್ದಾಗ ಪ್ರತಿ ಫೀಡರಿಗೆ ಒಂದೊಂದು ಕಬ್ಬಿಣದ ಪ್ಯಾನೆಲ್ ಇರ್ತೇತಿ, ಅದರ ಮ್ಯಾಲ ರಿಲೇ. ನಾ ಸೇರಿದ ಕಾಲಕ್ಕ ಗಾಜಿನ ಮುಚ್ಚಳದವು ಇದ್ವು. ಒಳಗ ಅಲ್ಯೂಮಿನಿಯಂ ತಟ್ಟಿ, ಹಳೇ ಮೀಟರಿನ್ಯಾಗ ತಿರಗತಿತ್ತಲ್ಲ, ಅಂಥಾದ್ದ. ಕರೆಂಟು ಹದ ಮೀರಿತು ಅಂದ್ರ ತಟ್ಟಿ ತಿರಗಾಕ ಸುರು. ಸ್ವಲ್ಪ ಮೀರಿದ್ರ ನಿಧಾನ, ಬಾಳ ಮೀರಿದ್ರ ಲಗೂ. ತಿರಗಿ ತುದಿ ಮುಟ್ಟಿದ್ರ ಬ್ರೇಕರಿಗೆ ಆರ್ಡರ್ ಹೋಗ್ತೇತಿ, ರಿಲೇಯೊಳಗ ಬಣ್ಣದ ಸಣ್ಣ ಪಟ್ಟಿ ಒಂದು ಕೆಳಗ ಬೀಳ್ತೇತಿ. ಅದ ಫ್ಲ್ಯಾಗ್. ಆರ್, ವೈ, ಬಿ ಒಳಗ ಯಾವ ಫೇಸ್ ಕೆಟ್ಟೇತಿ, ಇಲ್ಲಾ ತಂತಿ ಭೂಮಿಗೆ ತಾಗೇತೋ, ಅದನ್ನ ನೋಡಿದ್ರ ಗೊತ್ತಾಗ್ತೇತಿ. ಈಗಿನ ನ್ಯೂಮರಿಕಲ್ ರಿಲೇದಾಗ ಪಟ್ಟಿ ಇಲ್ಲ, ಲೈಟು ಹತ್ತತಾವು, ಪರದಿ ಮ್ಯಾಲ ಎಷ್ಟು ಆಂಪಿಯರ್ ಹರೀತು ಅನ್ನೂದೂ ಬರ್ತೇತಿ. ಆಪರೇಟರ್ ಅದನ್ನ ಲಾಗ್‌ಬುಕ್ಕಿನ್ಯಾಗ ಬರದ ಮ್ಯಾಲ ಫ್ಲ್ಯಾಗ್ ಎತ್ತಬೇಕು. ಬರೀದ ಎತ್ತಿದ್ರ ಫಾಲ್ಟಿನ ಗುರ್ತ ಅಳಿಸಿ ಹೋತು.

– 11 ಸಾವಿರ ವೋಲ್ಟಿನ ಲೈನು ಆ ರಿಲೇಯೊಳಗ ಹೆಂಗ ಹಾಯ್ತೇತ್ರಿ?

– ಹಾಯಂಗಿಲ್ಲ. ನಡುವ ಸಿಟಿ ಇರ್ತೇತಿ, ಕರೆಂಟ್ ಟ್ರಾನ್ಸ್‌ಫಾರ್ಮರ್. ಲೈನಿನ್ಯಾಗ 200 ಆಂಪಿಯರ್ ಹರದ್ರ ರಿಲೇಗೆ 1 ಆಂಪಿಯರ್ ಅಷ್ಟ ತೋರಿಸ್ತೇತಿ. ರಿಲೇ ನೋಡ್ತೇತಿ, ಲೆಕ್ಕಾ ಹಾಕ್ತೇತಿ, ಹೇಳ್ತೇತಿ. ಕಡಿಯೂದು ಬ್ರೇಕರ್. ಇವೆರಡರ ನಡುವ ಮೂರನೇದ್ದೊಂದು ಐತಿ, ಅದನ್ನ ಎಲ್ಲಾರೂ ಮರೀತಾರ: ಬ್ಯಾಟರಿ.

– ಸ್ಟೇಶನ್ನಿಗೆ ಯಾಕ್ರಿ ಬ್ಯಾಟರಿ? ಅಲ್ಲಿ ಕರೆಂಟಿಗೇನು ಬರಗಾಲ?

– ಬರಗಾಲ ಬರೂ ಗಳಿಗಿನೂ ಇರ್ತೇತಿ. ಎಲ್ಲೋ ಎರಡು ತಂತಿ ಕೂಡಿ ಶಾರ್ಟ್ ಆತು ಅನ್ನು. ಆ ಗಳಿಗಿಗೆ ವೋಲ್ಟೇಜ್ ಕುಸಿದು ಬೀಳ್ತೇತಿ. ಬ್ರೇಕರ್ ಬಿಚ್ಚಾಕ ಶಕ್ತಿ ಬೇಕಾಗೂದೂ ಅದ ಗಳಿಗಿಗೆ. ಕೆಟ್ಟ ಲೈನನ್ನ ನಂಬಿ ಕುಂತ್ರ ಕೆಲಸ ಆಗಂಗಿಲ್ಲ. ಅದಕ್ಕ ಬ್ಯಾರೆ ಕೋಣ್ಯಾಗ ಬ್ಯಾಟರಿ ಸಾಲು, ದೊಡ್ಡ ಸ್ಟೇಶನ್ದಾಗ 110 ವೋಲ್ಟ್ ಡಿಸಿ. ಡ್ಯೂಟಿಗೆ ಬಂದ ಕೂಡ್ಲೆ ನಾ ಮೊದಲ ಹೋಗತಿದ್ದದ್ದು ಆ ಕೋಣಿಗೆ. ಒಂದೊಂದ ಸೆಲ್ಲಿನ ಬುಚ್ಚ ತಗದು ನೀರಿನ ಮಟ್ಟ ನೋಡೂದು, ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ತೂಕ ನೋಡೂದು, ಟರ್ಮಿನಲ್ಲಿಗೆ ಕಿಲಬು ಕಟ್ಟಿದ್ರ ಬಿಸಿನೀರಿನ ಅರಿವಿಲೆ ಒರಸಿ ವ್ಯಾಸಲೀನ್ ಹಚ್ಚೂದು. ಹೊಸಾ ಹುಡುಗರು ನಗತಿದ್ರು. ಬ್ಯಾಟರಿ ಸತ್ತಿದ್ರ ರಿಲೇ ಎಷ್ಟ ಶಾಣ್ಯಾ ಇದ್ದರೂ ಏನೂ ನಡಿಯಂಗಿಲ್ಲ. ಫಾಲ್ಟ್ ಕಂಡಿರ್ತೇತಿ, ಕಡಿಯಾಕ ಬಲ ಇರಂಗಿಲ್ಲ. ಲಕ್ಷಗಟ್ಟಲೆ ರೂಪಾಯಿ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಹುಡುಕ್ಕೊಂತ ಹೋದ್ರ, ಒಮ್ಮೊಮ್ಮೆ ಒಂದು ಸಡ್ಲ ಆದ ಬ್ಯಾಟರಿ ವಾಯರ್ ಸಿಗ್ತೇತಿ.

– ಇರ್ಲಿ ಬಿಡ್ರಿ. ಬ್ರೇಕರ್ ಅಂದ್ರ ಕಡೀಗೂ ಒಂದು ದೊಡ್ಡ ಸ್ವಿಚ್ಚ ಅಲ್ಲೇನು?

– ಅಲ್ಲ. ನಿಮ್ಮ ಟಿಸಿ ಕಂಬದ ಮ್ಯಾಲ ಇರೂದು ಸ್ವಿಚ್ಚು, ಜಿಓಎಸ್. ಕೆಳಗಿನ ಹಿಡಕಿ ಎಳದ್ರ ಮ್ಯಾಲ ಮೂರೂ ಫೇಸಿನ ಪಟ್ಟಿ ಒಮ್ಮೆಗೇ ಬಿಚ್ಚತಾವು. ಅದು ಲೋಡ್ ಇಲ್ಲದಾಗ ಬಿಚ್ಚಾಕ ಮಾಡಿದ್ದು. ಪಂಪು ಓಡೂವಾಗ ಎಳದ್ರ ಏನಾಗ್ತೇತಿ, ನೋಡಿಯಲ್ಲ?

– ನೋಡೇನ್ರಿ. ಭರ್ರ್ ಅಂತ ನೀಲಿ ಬೆಂಕಿ. ಎಳದಾವ ಹಿಡಕಿ ಬಿಟ್ಟು ಗೋವಿನಜೋಳದಾಗ ಹೊಕ್ಕಾವ ಮುಂಜಾನಿ ತನಕ ಹೊರಗ ಬರ್ಲಿಲ್ಲ.

– ಬದುಕಿದ, ಪುಣ್ಯಾವಂತ. ಹರಿಯೂ ಕರೆಂಟಿನ ನಡುವ ಸಂದು ಮಾಡಿದ್ರ ಅದು ನಿಲ್ಲಂಗಿಲ್ಲ. ಸಂದಿನ್ಯಾಗಿನ ಗಾಳಿ ಕಾದು, ಗಾಳ್ಯಾಗ ಹಾದಿ ಮಾಡಿಕೊಂಡು ಹಂಗ ಹರೀತೇತಿ. ಅದಕ್ಕ ಆರ್ಕ್ ಅಂತಾರ. ಸಾವಿರಗಟ್ಟಲೆ ಡಿಗ್ರಿ ಬಿಸಿ, ತಾಮ್ರ ಆವಿ ಆಗಿ ಹೋಗ್ತೇತಿ. ಆ ಆರ್ಕ್ ಆರಿಸೂ ಸಾಮಾನು ಯಾವುದರಾಗ ಐತಿ, ಅದಷ್ಟ ಬ್ರೇಕರ್. ಉಳದದ್ದೆಲ್ಲಾ ಸ್ವಿಚ್ಚು.

– ಹೆಂಗ ಆರಸ್ತೇತ್ರಿ? ಊದ್ತೇತೇನು?

– ಊದೂವೂ ಇದ್ವು ಒಂದು ಕಾಲಕ್ಕ, ಗಾಳಿ ಒತ್ತಡದ ಬ್ರೇಕರ್. ಆದ್ರ ಮೂಲ ಗುಟ್ಟು ಬ್ಯಾರೆ. ನಮ್ಮ ಕರೆಂಟು ಎಸಿ. ಸೆಕೆಂಡಿಗೆ 50 ಸಲ ಹಿಂದಮುಂದ ಆಡ್ತೇತಿ. ದಿಕ್ಕು ಬದಲಾಗೂ ಪ್ರತಿ ಸಲ ಒಂದು ಕ್ಷಣ ಸೊನ್ನಿ ಆಗ್ತೇತಿ, ಸೆಕೆಂಡಿಗೆ 100 ಸಲ. ಬ್ರೇಕರ್ ಜಬರದಸ್ತಿ ಮಾಡಂಗಿಲ್ಲ. ಸಂದು ತಗದು ಆ ಸೊನ್ನಿಗೆ ಕಾಯ್ತೇತಿ. ಸೊನ್ನಿ ಬಂದಾಗ ಆರ್ಕ್ ತಾನ ಆರ್ತೇತಿ, ಮತ್ತ ಹತ್ತದಂಗ ನೋಡಿಕೊಳ್ಳೂದಷ್ಟ ಇದರ ಕೆಲಸ. ರಿಲೇ ಆರ್ಡರ್ ಕೊಟ್ಟ ಮ್ಯಾಲ ಎಲ್ಲಾ ಸೇರಿ ಕಣ್ಣು ಮಿಟಕಿಸೂದ್ರಾಗ ಮುಗೀತೇತಿ.

– ಸೋಲಾರ್ ಪಂಪಿಂದು ಡಿಸಿ ಅಂತಾರಲ್ರಿ. ಅದರಾಗ ಸೊನ್ನಿ ಎಲ್ಲಿಂದ ಬರ್ಬೇಕು?

– ಬರಂಗಿಲ್ಲ! ಅದಕ್ಕ ಪ್ಯಾನೆಲ್ ಕಡಿ ಮನೀ ಎಂಸಿಬಿ ಹಾಕಬಾರದು. ಡಿಸಿಗಂತ ಮಾಡಿದ್ದ ಬೇಕು. ಅಂಗಡ್ಯಾಗ ಎರಡೂ ನೋಡಾಕ ಒಂದ ನಮೂನಿ ಇರ್ತಾವು, ಬರದದ್ದನ್ನ ಓದಿ ತಗೋಬೇಕು.

– 11 ಕೆವಿ ಬ್ರೇಕರಿನ ಒಳಗ ಏನಿರ್ತೇತ್ರಿ ಹಂಗಾರ?

– ನಾ ಸೇರಿದಾಗ ಎಣ್ಣಿ. ಹತ್ತು ಸಲ ಫಾಲ್ಟ್ ಕಡದ್ರ ಎಣ್ಣಿ ಕರ್ರಗ ಇಂಗಳದ ನೀರು. ಸೋಸಬೇಕು, ಬದಲಿ ಮಾಡ್ಬೇಕು. ಈಗೆಲ್ಲಾ ವ್ಯಾಕ್ಯೂಮ್. ಪಿಂಗಾಣಿ ಬಾಟಲಿ ಇರ್ತೇತಿ, ಒಳಗಿನ ಗಾಳಿ ಪೂರಾ ತಗದಿರ್ತಾರ. ಎರಡು ಕಾಂಟ್ಯಾಕ್ಟಿನ ನಡುವ ಸಂದು ಎಷ್ಟಂತಿ? ಒಂದು ಸೆಂಟಿಮೀಟರಿನ ಆಸುಪಾಸು. ಅಷ್ಟರಾಗ 11 ಸಾವಿರ ವೋಲ್ಟ್ ನಿಲ್ತೇತಿ, ಕಾಯಾಕ ಒಳಗ ಗಾಳಿನ ಇಲ್ಲಲ್ಲ. ಬ್ರೇಕರ್ ಬಿಚ್ಚಿದಾಗ ಧಡ್ ಅಂತೇತಿ. ಹಾಕಿದ ಮ್ಯಾಲ ಮೋಟ್ರು ಕರ್ರ್ ಅಂತ ಸ್ಪ್ರಿಂಗ್ ಸುತ್ತತೇತಿ. ರಾತ್ರಿ ಪಾಳಿಯಾಗ ಕಣ್ಣು ಮುಚ್ಚಿದ್ದರೂ ಆ ಸಪ್ಪಳದ ಮ್ಯಾಲ ಏನಾತು ಅಂತ ಹೇಳತಿದ್ವಿ. ಇನ್ನ 110 ಕೆವಿ, 220 ಕೆವಿಗೆ ಎಸ್‌ಎಫ್ ಸಿಕ್ಸ್ ಗ್ಯಾಸಿನವು. ಆರ್ಕ್ ಆರಿಸೂದ್ರಾಗ ಅದಕ್ಕ ಸರಿ ಇಲ್ಲ, ಆದ್ರ ಸೋರಿದ್ರ ಭೂಮಿ ಕಾಯಿಸೂದ್ರಾಗೂ ಸರಿ ಇಲ್ಲ, ಇಂಗಾಲದ ಡೈಆಕ್ಸೈಡಿಗಿಂತ 23 ಸಾವಿರ ಪಟ್ಟಿಗೂ ಮ್ಯಾಲ ಅಂತಾರ. ಯುರೋಪಿನವರು 24 ಕೆವಿ ತನಕದ ಹೊಸಾ ಸಾಮಾನಿನ್ಯಾಗ ಅದನ್ನ 2026ರಿಂದ ಬಂದ್ ಮಾಡ್ಯಾರ.

(ಬರೆಯುವವನ ಒಂದು ಮಾತು ಇಲ್ಲಿ. ಬಲ್ಬು, ಮೋಟಾರು, ಅಣೆಕಟ್ಟಿನ ಕಥೆಗಳನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಶಿವನಸಮುದ್ರದಿಂದ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟು ಹರಿದದ್ದು ಪಾಠದಲ್ಲಿದೆ. ಆ ಲೈನು ಕೆಟ್ಟಾಗ ಅದನ್ನು ಕಡಿದು ನಿಲ್ಲಿಸುತ್ತಿದ್ದದ್ದು ಏನು ಎಂದು ಯಾವ ಮಾಸ್ತರೂ ಕೇಳಲಿಲ್ಲ. ನಿಲ್ಲಿಸುವ ಸಾಮಾನಿಗೂ ಕರ್ನಾಟಕದಲ್ಲಿ ಒಳ್ಳೆಯ ಚರಿತ್ರೆಯಿದೆ. 1945ರಲ್ಲಿ ಶುರುವಾದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸ್ವಿಚ್‌ಗೇರ್ ಮಾಡುತ್ತ ಬಂದಿದೆ. ಕಾಕಾ ಹೇಳಿದ ಆ ವ್ಯಾಕ್ಯೂಮ್ ಬಾಟಲಿಗಳನ್ನು ಬೆಂಗಳೂರಿನ ಬಿಇಎಲ್ ತಯಾರಿಸಿದೆ. 1960ರಲ್ಲಿ ಸ್ಥಾಪನೆಯಾದ ಸಿಪಿಆರ್‌ಐ ಎಂಬ ಕೇಂದ್ರೀಯ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡಿ, ಬ್ರೇಕರ್ ಕಡಿಯುತ್ತದೋ ಸಿಡಿಯುತ್ತದೋ ಪರೀಕ್ಷಿಸುತ್ತದೆ.)

– ಹಂಗಾರ ಟ್ರಿಪ್ ಆದ ಕೂಡ್ಲೆ ಮತ್ತ ಹಾಕ್ರಿ ಅಂದ್ರ ಯಾಕ ಸಿಟ್ಟಿಗೇಳ್ತಾರ್ರಿ ಆಪರೇಟರ್? ನಾವು ನಾಕು ಮಂದಿ ಪಾಳಿ ಹಚ್ಚಿ ಫೋನ್ ಮಾಡಿದ್ರ ಹಾಕ್ತಾರ, ಇಲ್ಲಂದ್ರ ಇಲ್ಲ.

– ನೀವು ನಾಕು ಮಂದಿ ಫೋನ್ ಮಾಡೂದ ಅಪಾಯ. ಒಂದು ಸಲ ಹಾಕಿ ನೋಡೂದು ತಪ್ಪಲ್ಲ. ಟೊಂಗಿ ತಾಗಿ ಸರದಿರಬಹುದು, ಹಕ್ಕಿ ಬಡದು ಬಿದ್ದಿರಬಹುದು. ಎರಡನೇ ಸಲಾನೂ ಹೋತು ಅಂದ್ರ ಅಲ್ಲಿ ಏನೋ ಐತಿ. ಟ್ರೇನಿಂಗಿನ್ಯಾಗ ನಮಗ ಕೆಲ್ಮನ್ ಅನ್ನಾವನ ಕತಿ ಹೇಳಿದ್ರು. 1901ರಾಗ ಅಮೆರಿಕದಾಗ ಆತ ಒಂದು ಬ್ರೇಕರ್ ಮಾಡಿದ. ಎರಡು ಕಟಗಿ ಪೀಪಾಯಿ, ಒಳಗ ಎಣ್ಣಿ ನೀರು ಕೂಡಿಸಿದ್ದು, ಅಷ್ಟ. 40 ಕೆವಿ ಲೈನಿಗೆ ಹಾಕಿದ್ರು. 1902ರ ಏಪ್ರಿಲ್‌ದಾಗ ಸುರು ಆದದ್ದು ವರ್ಷ ಹತ್ತತ್ರ ಚಲೋ ನಡೀತು. 1903ರ ಮಾರ್ಚಿನ್ಯಾಗ ನಡುವ ಬಿಡುವಿಲ್ಲದಂಗ ಸಾಲಾಗಿ ಅದನ್ನ ಬಿಚ್ಚೂದು ಹಾಕೂದು ಆತು. ಉರಿಯೂ ಎಣ್ಣಿ ಚಿಮ್ಮಿ ಸುತ್ತಿನ ಕಟಗಿಗೆಲ್ಲಾ ಬೆಂಕಿ.

– ಈಗಿನ ಬ್ರೇಕರ್ ಪೀಪಾಯಿ ಅಲ್ಲಲ್ರಿ.

– ಅಲ್ಲ, ಆದ್ರೂ ಅದಕ್ಕೊಂದು ಮಿತಿ ಬರದಿರ್ತೇತಿ. ಬಿಚ್ಚು, 0.3 ಸೆಕೆಂಡ್ ಬಿಟ್ಟು ಹಾಕಿ ಬಿಚ್ಚು. 3 ನಿಮಿಷ ಬಿಟ್ಟು ಮತ್ತ ಹಾಕಿ ಬಿಚ್ಚು. ಫಾಲ್ಟಿನ ಮ್ಯಾಲ ಅಷ್ಟು ತಡೀತೇತಿ ಅಂತ ಪರೀಕ್ಷಾ ಮಾಡಿ ಕೊಟ್ಟಿರ್ತಾರ. ಬ್ರೇಕರ್ ತಡೀತು ಅನ್ನು. ಹಾಕಿದ ಪ್ರತಿ ಸಲ ಫಾಲ್ಟಿನ ಕರೆಂಟು ಸ್ಟೇಶನ್ನಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಸುತ್ತನ್ನ ಹಿಡದು ಅಲ್ಲಾಡಿಸ್ತೇತಿ. ಅದೆಲ್ಲಕ್ಕಿಂತ ಮೊದಲ, ಲೈನ್ ಹರದು ಬಿದ್ದಲ್ಲಿ ಯಾರರ ನಿಂತಿದ್ರ?

– ನಿಂತಿದ್ರ ಟ್ರಿಪ್ ಆಗೇ ಇರ್ತೇತಿ ಅಂದ್ರೆಲ್ಲಾ ನೀವ.

– ಅಲ್ಲೇ ಮಂದಿ ಜೀವ ಕಳಕೊಂತಾರ, ತಮ್ಮಾ. ಕಿವಿಗೊಟ್ಟು ಕೇಳು. ಮಳಿಗಾಲದಾಗ ಹಸಿ ಎರಿ ಹೊಲದಾಗ ತಂತಿ ಬಿದ್ರ ಕರೆಂಟು ಭೂಮ್ಯಾಗ ಸರಾಗ ಹರೀತೇತಿ, ರಿಲೇಗೆ ಕಾಣ್ತೇತಿ, ಟ್ರಿಪ್ ಆಗ್ತೇತಿ. ಅದ ತಂತಿ ಏಪ್ರಿಲ್ ತಿಂಗಳದಾಗ ಒಣಗಿದ ಮಸಾರಿ ಮ್ಯಾಲ, ಇಲ್ಲಾ ಸೊಪ್ಪಿ ಬಣವಿ ಮ್ಯಾಲ, ಇಲ್ಲಾ ಡಾಂಬರ ರಸ್ತೆ ಮ್ಯಾಲ ಬಿದ್ರ? ಹರಿಯೂದು ನಾಕೈದು ಆಂಪಿಯರ್. 200 ಆಂಪಿಯರ್ ಸಿಟಿಗೆ ಅರ್ಥ್ ಫಾಲ್ಟ್ ರಿಲೇನ 10 ಪರ್ಸೆಂಟಿಗೆ ಇಟ್ಟಿದ್ದರೂ ಅದಕ್ಕ 20 ಆಂಪಿಯರ್ ಬೇಕು. ನಾಕೈದು ಆಂಪಿಯರ್ ಅಂದ್ರ ರಿಲೇ ಕಣ್ಣಿಗೆ ಅದು ಫಾಲ್ಟ ಅಲ್ಲ. ಮನುಷ್ಯಾಗ ಸಾಯಾಕ ಅರ್ಧ ಆಂಪಿಯರೂ ಬ್ಯಾಡ. ಬಿದ್ದ ತಂತಿ ಸುಮ್ನ ಮಲಗಿರ್ತೇತಿ. ಒಮ್ಮೊಮ್ಮೆ ಕಿಡಿನೂ ಇರಂಗಿಲ್ಲ, ಸಪ್ಪಳನೂ ಇರಂಗಿಲ್ಲ. ಊರಾಗ ಲೈಟ್ ಹತ್ತಿರ್ತಾವು, ಮಂದಿ "ಇದು ಸತ್ತ ಲೈನು" ಅಂತ ಕಾಲಿಲೆ ಸರಸಾಕ ಹೋಗ್ತಾರ.

– ಇದು ನಮಗ ಯಾರೂ ಹೇಳಿದ್ದಿಲ್ಲ ನೋಡ್ರಿ.

– ಹಂಗಾರ ಇನ್ನೂ ಒಂದು ಕೇಳು. ಹತ್ತು ಮೀಟರ್ ದೂರ ಇರ್ಬೇಕು. ಹತ್ರ ಇದ್ದಾಗ ಗೊತ್ತಾತು ಅಂದ್ರ ಓಡಬಾರದು. ದೊಡ್ಡ ಹೆಜ್ಜಿ ಇಟ್ರ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನೆಲದ ವೋಲ್ಟೇಜ್ ಬ್ಯಾರೆ ಬ್ಯಾರೆ ಇರ್ತೇತಿ, ಕರೆಂಟು ಒಂದು ಕಾಲಿಲೆ ಏರಿ ಇನ್ನೊಂದ್ರಾಗ ಇಳೀತೇತಿ. ಪಾದ ಎರಡೂ ಕೂಡಿಸಿ, ನೆಲ ಬಿಡದಂಗ ಸಣ್ಣಗ ಜರಕೊಂಡು ಹಿಂದ ಸರೀಬೇಕು. ಎತ್ತು, ಎಮ್ಮಿ ಸಾಯೂದು ಅದಕ್ಕ: ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಬಾಳ ಅಂತರ.

– ... ಹೋದ ಬ್ಯಾಸಗ್ಯಾಗ ನಮ್ಮ ಓಣ್ಯಾಗಿನವರದು ಒಂದು ಜೋಡಿ ಎತ್ತು ಹಂಗ ಹೋದ್ವು. ಹಾವು ಕಡದೇತಿ ಅಂತ ಮೊದಲ ಅಂದಿದ್ರು.

– ಹೂಂ.

– ಕಾಕಾ, ಇನ್ನೊಂದು. ಒಬ್ಬಾವನ ಸ್ಟಾರ್ಟರ್ ಸುಟ್ರ ಊರೆಲ್ಲಾ ಯಾಕ ಕತ್ತಲಾಗ್ಬೇಕು? ಅವನದಷ್ಟ ಹೋಗ್ಬೇಕಲ್ಲ?

– ಅವನದಷ್ಟ ಹೋಗ್ಬೇಕು, ಖರೆ. ಮನೀ ಜಗಳ ಮನಿಯಾಗ ಮುಗೀಬೇಕು. ಮುಗೀದಿದ್ರ ಓಣಿ ಹಿರಿಯಾರು. ಅವರ ಕೈಲೂ ಆಗದಿದ್ರ ಪಂಚಾಯ್ತಿ. ಸ್ಟೇಶನ್ನಿನ ರಿಲೇ ಅದ ಲೆಕ್ಕಕ್ಕ ಇಟ್ಟಿರ್ತಾರ. ಪಂಪಿನ ಫ್ಯೂಸ್ ಮೊದಲ, ಆಮ್ಯಾಲ ಟಿಸಿ ಫ್ಯೂಸ್, ಆಮ್ಯಾಲ ಫೀಡರ್ ಬ್ರೇಕರ್, ಅದಕ್ಕಿಂತ ಸುಮಾರು 0.3 ಸೆಕೆಂಡ್ ತಡದು ಸ್ಟೇಶನ್ನಿನ ದೊಡ್ಡ ಬ್ರೇಕರ್. ಕೆಳಗಿನವ ತನ್ನ ಕೆಲಸ ಮಾಡಿದ್ರ ಮ್ಯಾಲಿನವಗ ಗೊತ್ತೂ ಆಗಂಗಿಲ್ಲ. ನಿಮ್ಮ ಟಿಸಿ ಫ್ಯೂಸಿನ್ಯಾಗ ಏನು ತಂತಿ ಐತಿ, ಹೇಳು?

– ಅದು... ಪದೇ ಪದೇ ಹೋಗತಿತ್ರಿ. ಹುಡುಗರು ಅಲ್ಯೂಮಿನಿಯಂ ಲೈನಿನ ಎಳಿ ಎರಡು ಕೂಡಿಸಿ ಸುತ್ಯಾರ. ಅವತ್ತಿನಿಂದ ಫ್ಯೂಸ್ ಹೋಗಿಲ್ಲ.

– ಹೋಗಂಗ ಇಲ್ಲ! ಓಣಿ ಹಿರಿಯಾನ ಬಾಯಿ ಕಟ್ಟಿ ಕುಂದರ್ಸೀರಿ. ಈಗ ನಿನ್ನ ಬಾಜೂಕಿನಾವನ ಕೇಬಲ್ ಕೆಟ್ರೂ ಸೀದಾ ಸ್ಟೇಶನ್ನಿಗೇ ಹೋಗ್ತೇತಿ, ಇಲ್ಲಾ ಅಲ್ಲೀ ಮಟ ಮುಟ್ಟೂದ್ರಾಗ ಟಿಸಿ ಸುಡ್ತೇತಿ. ನಿಮ್ಮದು 63 ಕೆವಿಎ. ಕೆಳಗಿನ ಕಡಿ ಅದು ತಡಿಯೂದು 84 ಆಂಪಿಯರ್. 5 ಎಚ್‌ಪಿ ಮೋಟ್ರು ಒಂದಕ್ಕ ಏಳೂವರಿ ಆಂಪಿಯರ್ ಹಿಡಿ. ಎಷ್ಟಾದ್ವು?

– ಹನ್ನೊಂದು.

– ನೀವಿರೂದು?

– ಹದಿನಾರು, ಹದಿನೇಳು ಇರಬಹುದ್ರಿ. 5 ಅಂತ ಬರಸಿದ್ದು ಕೆಲವು ಏಳೂವರಿ ಅದಾವು. 10 ಎಚ್‌ಪಿ ತನಕ ಪುಕ್ಕಟ ಐತಿ, ಮೀಟರ್ ಯಾರು ನೋಡ್ತಾರ?

– ಟಿಸಿ ನೋಡ್ತೇತಿ. ಮ್ಯಾಲ ಎಲ್ಲಾರೂ ಆಟೋ ಸ್ಟಾರ್ಟರ್ ಹಾಕೀರಿ. ಮನಿಯಾಗ ಮಲಗಿದ್ದಾಗ ಕರೆಂಟ್ ಬಂದ್ರ ತಾನ ಚಾಲೂ ಆಗ್ಲಿ ಅಂತ. ಚಾಲೂ ಆಗೂವಾಗ ಮೋಟ್ರು ಸುಮಾರು ಆರು ಪಟ್ಟು ಕರೆಂಟ್ ಎಳೀತೇತಿ. ಲೈನ್ ಹಾಕಿದ ಕ್ಷಣಕ್ಕ ಫೀಡರಿನ ಎಲ್ಲಾ ಪಂಪೂ ಒಮ್ಮೆಗೇ ಆರಾರು ಪಟ್ಟು ಎಳದ್ರ ರಿಲೇ ಅದನ್ನ ಶಾರ್ಟ್ ಅಂತಲೇ ತಿಳೀತೇತಿ. ನಿಮ್ಮ ಟ್ರಿಪ್ಪಿನ್ಯಾಗ ಕೆಲವು ಫಾಲ್ಟ್ ಇಲ್ಲದನ ಆಗಿರಬಹುದು! ಆಟೋ ಸ್ಟಾರ್ಟರಿನ್ಯಾಗ ಟೈಮರ್ ಇರ್ತೇತಿ. ಒಬ್ಬಾವ ಒಂದು ನಿಮಿಷಕ್ಕ, ಇನ್ನೊಬ್ಬಾವ ಎರಡು ನಿಮಿಷಕ್ಕ, ಮತ್ತೊಬ್ಬಾವ ಮೂರಕ್ಕ ಅಂತ ನೀವು ನೀವ ಕುಂತು ಹಂಚಿಕೊಂಡ್ರ ಅರ್ಧ ಟ್ರಿಪ್ ಕಮ್ಮಿ ಆಗ್ತಾವು. ರೊಕ್ಕ ಖರ್ಚಿಲ್ಲ.

– ಇದು ಆಗೂ ಮಾತು. ಆದ್ರ ಕಾಕಾ, ಎಲ್ಲಾ ತಪ್ಪು ನಮ್ಮ ಮ್ಯಾಲ ಹಾಕಬ್ಯಾಡ್ರಿ. ಲೈನ್ ಜೋತು ಬಿದ್ದು ಕೈಗೆ ಸಿಗೂವಂಗ ಅದಾವು. ಬೇವಿನ ಟೊಂಗಿ ಕಡೀರಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗೇತಿ. ಟಿಸಿ ಬಾಜೂಕಿನ ಅರ್ಥ್ ಗುಂಡಿಗೆ ನೀರು ಹಾಕಿದವರು ಯಾರು?

– ಒಪ್ಪಿದೆ. ಸಿಡಿಲು ತಡಿಯೂ ಅರೆಸ್ಟರ್ ಕೆಟ್ಟು, ವಾಯರ್ ಬಿಚ್ಚಿ ಹಂಗ ಬಿಟ್ಟ ಕಂಬ ನಾನೂ ನೋಡೇನಿ. ಮ್ಯಾಲಿನ ಒಂದು ಅಡ್ಡಮಳಿ ಸಿಡಿಲಿಗೆ ಆ ಟಿಸಿ ಹೋಗೂದ. ಹದಿನಾರು ಪಂಪಿಗೆ 63 ಕೊಟ್ಟದ್ದು, ಕೇಳಿದ್ರೂ 100 ಕೊಡದಿದ್ದದ್ದು ನಿಮ್ಮ ತಪ್ಪಲ್ಲ. ನೀವು ಕೂಡಿ ಬರದು ಕೊಡ್ರಿ, ಸಹಿ ಮಾಡಿಸಿ ನಕಲು ಇಟ್ಕೊಳ್ರಿ. ಆದ್ರ ಅವರು ಕೊಡೂ ತನಕ ಫ್ಯೂಸಿನ್ಯಾಗ ಲೈನಿನ ಎಳಿ ಸುತ್ತಿದ್ರ ಸುಡೂದು ನಿಮ್ಮದ.

– ರಿಲೇ ಎಂದೂ ತಪ್ಪ ಮಾಡಂಗಿಲ್ಲೇನ್ರಿ?

– ಮಾಡ್ತೇತಿ. ದೊಡ್ಡ ತಪ್ಪೂ ಮಾಡೇತಿ. 2012ರ ಜುಲೈ 30, 31 ನೆನಪೈತೇನು? ಬಿನಾ–ಗ್ವಾಲಿಯರ್ 400 ಕೆವಿ ಲೈನು. ಅಲ್ಲಿ ಫಾಲ್ಟ್ ಇರಲಿಲ್ಲ. ಲೋಡ್ ಬಾಳ, ವೋಲ್ಟೇಜ್ ಕಮ್ಮಿ. ದೂರದ ಫಾಲ್ಟ್ ಕಾಯೂ ರಿಲೇಗೆ ಅದು ಫಾಲ್ಟ್ ಇದ್ದಂಗ ಕಂಡಿತು, ಬಿಚ್ಚಿತು. ಅದರ ಹೊರಿ ಉಳದ ಲೈನಿನ ಮ್ಯಾಲ ಬಿದ್ದು ಅವೂ ಒಂದರ ಹಿಂದೊಂದು ಬಿಚ್ಚಿದ್ವು. 31ಕ್ಕ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಮಲಗಿದ್ವು, ಸುಮಾರು 60 ಕೋಟಿ ಮಂದಿ ಕತ್ತಲದಾಗ.

– ಅವತ್ತು ನಮ್ಮಲ್ಲಿ ಕರೆಂಟ್ ಇತ್ತಲ್ರಿ?

– ಇತ್ತು. ದಕ್ಷಿಣದ ಗ್ರಿಡ್ ಆಗ ಅವರ ಕೂಡ ಎಸಿ ಲೈನಿಲೆ ಕೂಡಿರಲಿಲ್ಲ, ಡಿಸಿ ಕೊಂಡಿ ಅಷ್ಟ ಇತ್ತು. ರಾಯಚೂರು–ಸೋಲಾಪುರ 765 ಕೆವಿ ಲೈನು ಚಾಲೂ ಆಗಿ ಕೂಡಿದ್ದು 2013ರ ಡಿಸೆಂಬರ್ 31ಕ್ಕ. ಅವತ್ತಿನಿಂದ ದೇಶಕ್ಕೆಲ್ಲಾ ಒಂದ ಗ್ರಿಡ್. ಬ್ಯಾರೆ ಕಡೆ ಕರೆಂಟ್ ಹೆಚ್ಚಿದ್ರ ನಮಗ ಬರ್ತೇತಿ. ರಿಲೇ ಸೆಟ್ಟಿಂಗ್ ಎಲ್ಲೋ ತಪ್ಪಿದ್ರ ಅದರ ಪೆಟ್ಟೂ ಇಲ್ಲೀ ಮಟ ಬರಬಹುದು. ಅದಕ್ಕ ರಿಲೇ ಸೆಟ್ಟಿಂಗ್ ಮುಟ್ಟೂದು ಅಂದ್ರ ಆಪರೇಟರಿಗೂ ಅಧಿಕಾರ ಇಲ್ಲ, ಅದಕ್ಕಂತ ಬ್ಯಾರೆ ಎಂಜಿನಿಯರ್ ಮಂದಿ ಇರ್ತಾರ, ಸೀಲ್ ಮಾಡಿ ಹೋಗ್ತಾರ.

– ಕಂಬ ಹತ್ತೂವಾಗ ನಿಮಗ ಅಂಜಿಕಿ ಆಗತಿದ್ದಿಲ್ಲೇನ್ರಿ?

– ಎಲ್‌ಸಿ ತಗೊಂಡಿದ್ರ ಇಲ್ಲ. ಲೈನ್ ಕ್ಲಿಯರ್. ಸ್ಟೇಶನ್ದಾಗ ಬ್ರೇಕರ್ ಬಿಚ್ಚಬೇಕು. ಬಿಚ್ಚಿದ್ದು ಸಾಲದು, ಬಾಟಲಿಯೊಳಗಿನ ಸಂದು ಕಣ್ಣಿಗೆ ಕಾಣಂಗಿಲ್ಲ. ಐಸೋಲೇಟರ್ ತಗದು, ಕಣ್ಣಿಲೆ ನೋಡೂವಂಥಾ ಸಂದು ಮಾಡ್ಬೇಕು. ಹಿಡಕಿಗೆ ಕೀಲಿ ಹಾಕಿ "ಮಂದಿ ಕೆಲಸ ಮಾಡಾಕ ಹತ್ಯಾರ" ಅನ್ನೂ ಬೋರ್ಡ್ ತೂಗಿ ಹಾಕ್ಬೇಕು. ನಂಬರ್ ಕೊಟ್ಟ ಮ್ಯಾಲ ನಾವು ಇಲ್ಲಿ ಜಿಓಎಸ್ ಬಿಚ್ಚಿ, ಡಿಸ್ಚಾರ್ಜ್ ರಾಡಿಲೆ ಮೂರೂ ತಂತಿ ಭೂಮಿಗೆ ಕಟ್ಟಿ, ಆಮ್ಯಾಲ ಕೈ ಹಚ್ಚೂದು. ಆ ರಾಡ್ ಕಟ್ಟಾಕ ಐದು ನಿಮಿಷ ಬೇಕು. "ಎಲ್‌ಸಿ ಐತಿ, ರಾಡ್ ಯಾಕ" ಅಂತ ಆ ಐದು ನಿಮಿಷ ಉಳಸಾಕ ಹೋದವರು ಅದಾರ. ಅವರ ಮಕ್ಕಳಿಗೆ ಅನುಕಂಪದ ನೌಕರಿ ಆಗೇತಿ.

– ಎರಡೂ ಕಡೆ ಬಿಚ್ಚಿದ ಮ್ಯಾಲ ಕರೆಂಟ್ ಎಲ್ಲಿಂದ ಬರ್ತೇತ್ರಿ?

– ನಿಮ್ಮ ಮನೀ ಕಡಿಯಿಂದ. ಲಗ್ನದ ಮನಿಯಾಗ ಜನರೇಟರ್ ತಂದು, ಚೇಂಜ್‌ಓವರ್ ಸ್ವಿಚ್ ಇಲ್ಲದ ಸೀದಾ ಬೋರ್ಡಿಗೆ ಚುಚ್ಚತಾರ. ಟಿಸಿ 11 ಸಾವಿರವನ್ನ 433 ಮಾಡೂದು ನಿನಗ ಗೊತ್ತು. ಕೆಳಗಿಂದ ಕೊಟ್ರ ಅದ ಟಿಸಿ ತಿರುವಿ ಮ್ಯಾಲ 11 ಸಾವಿರ ಮಾಡಿ ಕಳಸ್ತೇತಿ. ಕಂಬದ ಮ್ಯಾಲಿದ್ದಾವ ಕೈ ಹಚ್ಚಿದ್ದು ಸತ್ತ ಲೈನಿಗೆ. ಇಲ್ಲಿ ಬ್ಯಾಂಡ್ ಬಾರಸ್ತಿರ್ತೇತಿ, ಅಲ್ಲಿ ಆತ ಹೋಗಿರ್ತಾನ. ಭೂಮಿಗೆ ಕಟ್ಟಿದ ರಾಡ್ ಒಂದ ಅವನ್ನ ಉಳಸೂದು.

– ...

– ಸುಮ್ನಾದ್ಯಾಕ?

– ನಮ್ಮ ತಂಗೀ ಲಗ್ನದಾಗ ಹಂಗ ಚುಚ್ಚಿದ್ವಿ, ಕಾಕಾ.

– ಇನ್ಮ್ಯಾಲ ಚುಚ್ಚಬ್ಯಾಡ. ಚೇಂಜ್‌ಓವರ್ ಸ್ವಿಚ್ ಅಂದ್ರ ಬಾಳ ರೊಕ್ಕ ಏನಲ್ಲ. ಮತ್ತ ಹೊಸಾ ಮನಿ ಕಟ್ಟಾಕ ಹತ್ತಿಯಲ್ಲ, ಅದರಾಗ ಎಂಸಿಬಿ ಕೂಡ ಆರ್‌ಸಿಸಿಬಿ ಹಾಕ್ಸು, 30 ಮಿಲಿ ಆಂಪಿಯರಿಂದು. ಎಂಸಿಬಿ ಕಾಯೂದು ವಾಯರನ್ನ, ಆರ್‌ಸಿಸಿಬಿ ಕಾಯೂದು ಮನುಷ್ಯಾರನ್ನ. ಅದರ ಮ್ಯಾಲ ಟೆಸ್ಟ್ ಅಂತ ಗುಂಡಿ ಇರ್ತೇತಿ, ತಿಂಗಳಿಗೊಮ್ಮೆ ಒತ್ತು. ಬಿಚ್ಚಬೇಕು. ಬಿಚ್ಚದಿದ್ರ ಬದಲಿ ಮಾಡು.

– ಅದೂ ಪದೇ ಪದೇ ಹೋದ್ರ?

– ಗೀಸರೋ ಮಿಕ್ಸರೋ ಸೋರ್ತಿರ್ತೇತಿ, ಹುಡುಕಿ ತಗಿ. ಆರ್‌ಸಿಸಿಬಿ ತಗಿಸಿ ಸೀದಾ ಲೈನ್ ಕೊಡಸಬ್ಯಾಡ. ಆ ಕೆಲಸ ಮಾಡಿ ಕೊಡೂ ವಾಯರ್‌ಮನ್ ನಿನಗ ಬೇಕಾದಾವ ಅಲ್ಲ.

(ಮಾತು ಇಲ್ಲಿಗೆ ನಿಂತಿತು. ಕರೆಂಟು ಬಂತೆಂದು ಫೋನು ಬಂದು, ತಮ್ಮ ಎದ್ದು ಹೊಲಕ್ಕೆ ಹೊರಟರು. ಓದುಗರಲ್ಲಿ ಬರೆಯುವವನ ಕೋರಿಕೆ ಇಷ್ಟೇ. ಅಡ್ಡಮಳೆ ಶುರುವಾಗುವ ಮೊದಲು ನಿಮ್ಮ ಟಿಸಿಯ ಫ್ಯೂಸಿನಲ್ಲಿ ಯಾವ ತಂತಿ ಸುತ್ತಿದೆ ಎಂದು ಲೈನ್‌ಮನ್ನರನ್ನು ಕರೆದು ನೋಡಿಸಿ, ನೀವೇ ಹತ್ತಬೇಡಿ. ನೆಲಕ್ಕೆ ಬಿದ್ದ ತಂತಿ ಕಂಡರೆ ಊರಲ್ಲಿ ದೀಪ ಉರಿಯುತ್ತಿರಲಿ ಆರಿರಲಿ, ಅದು ಜೀವಂತವಿದೆ ಎಂದೇ ತಿಳಿದು ದೂರ ನಿಂತು, ದನಕರುಗಳನ್ನೂ ಮಕ್ಕಳನ್ನೂ ತಡೆದು, 1912ಕ್ಕೆ ಫೋನ್ ಮಾಡಿ.)